ವಿಮಾನ ಹತ್ತದ ಬಾಟಲಿ

ಆ ಬಾಟಲಿಯಲ್ಲಿ ಇದ್ದದ್ದು ಕಾಚಂಪುಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ನೀವೂ ನಂಬುವುದಿಲ್ಲ.

ಕಾಡಿನ ಹುಳಿಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಡಾಂಬರಿನಷ್ಟು ಕಪ್ಪು ಮಾಡಿದ ಕೊಡಗಿನ ಹುಳಿ ಅದು. ಒಂದು ಪಾತ್ರೆ ಹಂದಿ ಕರಿಗೆ ಒಂದು ಚಮಚ ಸಾಕು. ತೊಂದರೆ ಹುಳಿಯದಲ್ಲ, ಬಾಟಲಿಯದು. ಕೊಡಗಿನಲ್ಲಿ ಮಿಲಿಟರಿಯಿಂದ ನಿವೃತ್ತರಾದವರಿಗೆ ಬರವಿಲ್ಲ, ಅವರ ಕ್ಯಾಂಟೀನ್ ರಮ್ಮಿಗೂ ಬರವಿಲ್ಲ. ರಮ್ಮು ಮುಗಿದ ಮೇಲೆ ಬಾಟಲಿಯನ್ನು ಯಾರೂ ಎಸೆಯುವುದಿಲ್ಲ. ಜೇನಿಗೂ ಅದೇ, ಕಾಚಂಪುಳಿಗೂ ಅದೇ, ದೀಪದ ಎಣ್ಣೆಗೂ ಅದೇ. 'ಸೈನಿಕರಿಗೆ ಮಾತ್ರ' ಎಂಬ ಚೀಟಿ ಮಾತ್ರ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಈ ಬಾಟಲಿಯನ್ನು ದಿಲ್ಲಿಗೆ ಒಯ್ಯಬೇಕಾಗಿದ್ದವಳು ಮಾಳವಿಕಾ. ಅಲ್ಲಿ ಅವಳ ಜೊತೆ ಒಂದೇ ರೂಮಿನಲ್ಲಿರುವ ಹುಡುಗಿ ಕೊಡಗಿನ ಕುಟ್ಟ ಎಂಬ ಊರಿನವಳು. ಆ ಹುಡುಗಿಯ ತಾಯಿ ಬಾಟಲಿ ಕೊಡುವಾಗ, "ದೊಡ್ಡ ಬ್ಯಾಗಿಗೆ ಹಾಕ್ಬೇಡ ಮಗಳೇ, ಒಡ್ದು ಹೋಗ್ತದೆ. ಕೈಯಲ್ಲೇ ಇರ್ಲಿ," ಎಂದಿದ್ದರು. ತಾಯಂದಿರ ಮಾತು ಕೇಳಿದರೆ ಕೆಡುವುದಿಲ್ಲ ಎನ್ನುತ್ತಾರೆ. ಹೇಳಿದವರು ವಿಮಾನ ಹತ್ತಿರಲಾರರು.

ಮಾಳವಿಕಾಳನ್ನು ಕಣ್ಣೂರಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ಅವಳ ಅಕ್ಕ ಕಾತ್ಯಾಯನಿಯ ಗಂಡ ನಾಗೇಶ್ವರ. ಕುಶಾಲನಗರದ ಪಕ್ಕದ ಒಂದು ಊರಿನ ಈಶ್ವರ ದೇವಸ್ಥಾನದಲ್ಲಿ ಅವನು ಸಹಾಯಕ ಅರ್ಚಕ. ಮಂಗಳಾರತಿಯನ್ನು ಇನ್ನೊಬ್ಬರು ಎತ್ತುವಾಗ ಗಂಟೆ ಬಾರಿಸುವುದರಲ್ಲೇ ಅವನ ಅರ್ಧ ಆಯಸ್ಸು ಹೋಗಿತ್ತು. ಹಿರಿಯ ಅರ್ಚಕರು ಮಂಡಿನೋವೆಂದು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಯಾರು ಎಂದು ಅಂದೇ ಸಂಜೆ ಸಮಿತಿ ತೀರ್ಮಾನಿಸಲಿತ್ತು. ಒಂದು ಕಡೆ ನಾಗೇಶ್ವರ. ಇನ್ನೊಂದು ಕಡೆ ದಿಗಂತ್ ಎಂಬ ಎಳೆಯ ಅರ್ಚಕ. ಅವನಿಗೆ ರುದ್ರಮಂತ್ರ ಅರ್ಧವಷ್ಟೇ ಬರುತ್ತಿತ್ತು, ಆದರೆ ಅಭಿಷೇಕವನ್ನು ಫೋನಿನಲ್ಲಿ ಚೆಂದವಾಗಿ ತೋರಿಸುತ್ತಿದ್ದ.

"ಇವತ್ತೇ ಹೋಗ್ಬೇಕಾ?" ಎಂದು ನಾಗೇಶ್ವರ ಕೇಳಿದ್ದ.

"ಸಭೆ ಇರೋದು ಸಂಜೆ. ಅಷ್ಟರಲ್ಲಿ ಬಂದ್ಬಿಡ್ತೀರಿ. ಹುಡುಗೀನ ಒಬ್ಬಳೇ ಹೇಗ್ರೀ ಕಳಿಸೋದು?" ಎಂದಿದ್ದಳು ಕಾತ್ಯಾಯನಿ. ದಿಲ್ಲಿಯಲ್ಲಿ ಒಬ್ಬಳೇ ಬದುಕುವ ಹುಡುಗಿ ಕಣ್ಣೂರಿನವರೆಗೆ ಒಬ್ಬಳೇ ಹೋಗಬಾರದಂತೆ.

ನಿಲ್ದಾಣದೊಳಗೆ ಹೋದ ಮಾಳವಿಕಾ ಸ್ವಲ್ಪ ಹೊತ್ತಿಗೆ ಬಾಗಿಲಿಗೆ ವಾಪಸು ಬಂದಳು. ಪಕ್ಕದಲ್ಲಿ ಬಂದೂಕಿನ ಪಹರೆಯವನು, ಅವಳ ಕೈಯಲ್ಲಿ ಬಾಟಲಿ.

"ಭಾವ, ಇದನ್ನ ಬಿಡಲ್ವಂತೆ. ಕೈಚೀಲದಲ್ಲಿ ನೂರು ಎಂ.ಎಲ್.ಗಿಂತ ಜಾಸ್ತಿ ಇರಬಾರದಂತೆ. ಸರೆಂಡರ್ ಮಾಡಿ ಅಂದ್ರು."

"ಹಂಗಂದ್ರೆ?"

"ಒಳಗೊಂದು ಪೆಟ್ಟಿಗೆ ಇದೆ. ಅದಕ್ಕೆ ಹಾಕಿ ಮರೆತುಬಿಡೋದು. ಕತ್ತರಿ, ಲೈಟರ್, ಉಪ್ಪಿನಕಾಯಿ, ಏನೇನೋ ಬಿದ್ದಿದೆ."

ನಮ್ಮ ಹುಂಡಿಯಂತೆಯೇ ಎಂದುಕೊಂಡ ನಾಗೇಶ್ವರ. ಹುಂಡಿಗೆ ಹಾಕುವವರು ಹಾಕುವಾಗ ಏನಾದರೂ ಬೇಡಿಕೊಳ್ಳುತ್ತಾರೆ, ಇಲ್ಲಿ ಅದಕ್ಕೂ ಅವಕಾಶವಿಲ್ಲ.

"ಬಿಸಾಕೋಕೆ ಮನಸ್ಸು ಬರ್ಲಿಲ್ಲ ಭಾವ. ಆಂಟಿ ಒಲೆ ಮುಂದೆ ಕೂತು ಕಾಯಿಸಿದ್ದು ಪಾಪ. ಮನೇಲಿ ಇಟ್ಟಿರಿ," ಎಂದು ಅವನ ಕೈಗಿತ್ತು ಅವಳು ಹಾರಿಹೋದಳು. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಶಲ್ಯ, ಬಟ್ಟೆಚೀಲದಿಂದ ಕತ್ತು ಹೊರಗೆ ಹಾಕಿದ ರಮ್ಮಿನ ಬಾಟಲಿ. ನಾಗೇಶ್ವರ ಹೀಗೆ ವಿರಾಜಪೇಟೆ ಬಸ್ಸು ಹತ್ತಿದ.

ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ತಪಾಸಣೆಗೆ ಹತ್ತಿದ ಅಧಿಕಾರಿ ಚೀಲದ ಮುಂದೆ ನಿಂತು ಬಾಟಲಿಯನ್ನು ಎತ್ತಿ ಹಿಡಿದ.

"ಏನ್ ಸ್ವಾಮಿ, ಮಿಲಿಟರಿ ಮಾಲು?"

"ಕಾಚಂಪುಳಿ ಸಾರ್," ಎಂದು ನಾಗೇಶ್ವರ ಎದ್ದು ಕೈಮುಗಿದ.

ಅಧಿಕಾರಿ ಒಳ್ಳೆಯ ಮನುಷ್ಯ. ಮುಚ್ಚಳ ತೆಗೆದು ಮೂಸಿದ, ಎರಡು ಸಲ ಸೀನಿದ, "ಹೋಗಿ ಸ್ವಾಮಿ, ನಮ್ ಮನೇಲೂ ಇದೆ," ಎಂದು ನಕ್ಕು ಇಳಿದುಹೋದ. ಆದರೆ ಸತ್ಯ ಯಾವಾಗಲೂ ಎರಡನೇ ಬಸ್ಸಿಗೆ ಬರುತ್ತದೆ. ಹಿಂದಿನ ಸೀಟಿನಲ್ಲಿದ್ದ ದೇವಸ್ಥಾನದ ಎದುರಿನ ಹೂವಿನಂಗಡಿ ರಾಜು, ಬಾಟಲಿ ಮೇಲೆದ್ದಾಗ, ಭಟ್ಟರು ಕೈಮುಗಿದಾಗ ಫೋಟೋ ತೆಗೆದಿದ್ದ. ಅಧಿಕಾರಿ ಸೀನುವ ಹೊತ್ತಿಗೆ ಫೋನು ಅವನ ಜೇಬು ಸೇರಿತ್ತು.

"ಭಟ್ರೆ, ನೀವು ಹೆದರ್ಬೇಡಿ," ಎಂದು ಅವನು ಪಕ್ಕಕ್ಕೆ ಬಂದು ಕೂತ. "ನಾನು ಯಾರಿಗೂ ಹೇಳಲ್ಲ."

ನಿಜವೇ, ಅವನು ಬಾಯಿಬಿಟ್ಟು ಹೇಳಲಿಲ್ಲ. ವಿರಾಜಪೇಟೆಯಲ್ಲಿ ಇಳಿಯುವಾಗ ಕಾತ್ಯಾಯನಿಯ ಫೋನು ಬಂತು. "ರೀ, ದೇವಸ್ಥಾನದ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಫೋಟೋ! 'ಇವರೇನಾ ನಮ್ಮ ಮುಂದಿನ ಪ್ರಧಾನ ಅರ್ಚಕರು' ಅಂತ ಬರೆದಿದಾರೆ. ಏನ್ರೀ ಅದು?"

"ಕಾಚಂಪುಳಿ ಕಣೇ!"

"ನನಗೆ ಗೊತ್ತು. ನೀವು ಗ್ರೂಪಿಗೆ ಹೇಳಿ."

ಗ್ರೂಪಿನಲ್ಲಿ ದಿಗಂತ್ ಆಗಲೇ ಮುಗಿದ ಕೈಗಳ ಚಿತ್ರ ಹಾಕಿ 'ಭಗವಂತ ಕ್ಷಮಿಸಲಿ' ಎಂದಿದ್ದ. ನಾಗೇಶ್ವರ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ 'ಅದು ಕಾಚಂಪುಳಿ' ಎಂದು ಬರೆದ. ಕೂಡಲೇ ಯಾರೋ ಉತ್ತರಿಸಿದರು: 'ನಮ್ಮ ಮಾವನೂ ಅದಕ್ಕೆ ಕಷಾಯ ಅಂತಲೇ ಹೇಳ್ತಿದ್ರು.'

ಬಾಟಲಿಯನ್ನು ಚರಂಡಿಗೆ ಎಸೆಯೋಣ ಎನ್ನಿಸಿತು. ಎಸೆದರೆ ಸಾಕ್ಷಿಯೇ ಹೋಯಿತು. ಇಟ್ಟುಕೊಂಡರೆ ಮಾನ ಹೋಗುತ್ತಿತ್ತು. ಕುಶಾಲನಗರದ ಬಸ್ಸಿನಲ್ಲಿ ಅವನು ಅದನ್ನು ಶಲ್ಯದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ, ಅದರಿಂದ ಇನ್ನೂ ಕೆಟ್ಟದಾಗಿ ಕಂಡಿತು. ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಹೋದಳು. ಇಳಿಯಲು ಎದ್ದಾಗ ಚಾಲಕ ಬ್ರೇಕ್ ಹಾಕಿದ, ನಾಗೇಶ್ವರ ಮುಗ್ಗರಿಸಿದ. ಬಿಡದೆ ಹಿಂಬಾಲಿಸಿದ್ದ ರಾಜು ಅವನ ರಟ್ಟೆ ಹಿಡಿದು, "ಪಾಪ, ನಿಂತ್ಕೊಳಕ್ಕೂ ಆಗ್ತಿಲ್ಲ. ನಿಂಬೆಹಣ್ಣಿನ ಶರಬತ್ತು ಕುಡೀರಿ ಭಟ್ರೆ, ಇಳಿಯುತ್ತೆ," ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಪಿಸುಗುಟ್ಟಿದ.

ಉಳಿದದ್ದು ಒಂದೇ ದಾರಿ, ಸಮಿತಿಯ ಅಧ್ಯಕ್ಷ ಕೆಂಪಣ್ಣ. ಹಾಸನದ ಕಡೆಯಿಂದ ಬಂದು ಶುಂಠಿ ಬೆಳೆಯಲ್ಲಿ ಮೇಲೆ ಬಂದವರು. ವೈದ್ಯರ ಮಾತಿನ ಮೇಲೆ, ಹೆಂಡತಿ ಸಿದ್ದಮ್ಮನ ಕಾವಲಿನಲ್ಲಿ ಕುಡಿತ ಬಿಟ್ಟಿದ್ದರು; ಬಿಟ್ಟ ಮೇಲೆ ಮದ್ಯವರ್ಜನ ಶಿಬಿರಗಳಲ್ಲೆಲ್ಲ ಅವರದೇ ಭಾಷಣ. ಸಭೆಗೆ ಮುಂಚೆ ನಾಗೇಶ್ವರ ಅವರ ಮನೆಗೆ ಓಡಿದ.

"ಬನ್ನಿ ಐನೋರೆ. ಏನಿಂಗ್ ಮಾಡ್ಕೊಂಬುಟ್ರಿ?"

"ಈಶ್ವರನ ಆಣೆ ಅಧ್ಯಕ್ಷರೆ, ಅದು ಕಾಚಂಪುಳಿ."

ಕೆಂಪಣ್ಣ ಬಾಗಿಲು ಮುಂದೆ ಮಾಡಿದರು. ಅಡುಗೆಮನೆಯ ಕಡೆ ಕಿವಿಗೊಟ್ಟರು. ದನಿ ತಗ್ಗಿತು.

"ಕಾಚಂಪುಳಿ! ಭೇಷಾದ ಹೆಸ್ರು ಮಡ್ಗಿದ್ದೀರ. ಎಲ್ಲೈತೆ?"

"ಇಲ್ಲೇ ಇದೆ. ನೀವೇ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಸಭೆಯಲ್ಲಿ ನೀವು ಒಂದು ಮಾತು ಹೇಳಿದ್ರೆ ಸಾಕು, ನಾನು ಬದುಕಿಕೊಳ್ತೀನಿ."

"ಒಂದ್ ಹನೀಲಿ ಏನ್ ಗೊತ್ತಾಯ್ತದೆ? ಸಾಕ್ಷಿ ನನ್ ತಾವ್ಲೇ ಇರ್ಲಿ. ಸರ್ಯಾಗ್ ನೋಡ್ತೀನಿ. ನೀವ್ ಯೋಚ್ನೆ ಬುಡಿ ಐನೋರೆ, ಗರ್ಭಗುಡಿ ನಿಮ್ದೇಯ."

ನಾಗೇಶ್ವರನ ಕಣ್ಣು ತುಂಬಿತು. ಇಡೀ ದಿನದಲ್ಲಿ ಒಬ್ಬರಾದರೂ ರುಚಿ ನೋಡುತ್ತೇನೆ ಎಂದರಲ್ಲ! ಅವನು ಜಗಲಿಗಿಳಿದು ಚಪ್ಪಲಿ ಹುಡುಕತೊಡಗಿದ.

ಒಳಗೆ ಕೆಂಪಣ್ಣ ದೊಡ್ಡ ಲೋಟದ ತುಂಬ ಬಗ್ಗಿಸಿಕೊಂಡರು. ಸರಕು ಮಂದವಾಗಿ ಇಳಿದಾಗ ಹಳೆಯ ಮಾಲು ಎಂದು ಇನ್ನೂ ಸಂತೋಷವಾಯಿತು. ನೀರು ಬೆರೆಸುವ ವ್ಯವಧಾನವಿರಲಿಲ್ಲ, ಸಿದ್ದಮ್ಮ ಯಾವಾಗ ಬೇಕಾದರೂ ಬರಬಹುದು. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಎತ್ತಿದರು.

ಜಗಲಿಯಲ್ಲಿದ್ದ ನಾಗೇಶ್ವರನಿಗೆ ಮೊದಲು ಲೋಟ ಬಿದ್ದ ಸದ್ದು ಕೇಳಿಸಿತು. ಆಮೇಲೆ ಕೋಣ ಕೂಗಿದಂತೆ ಒಂದು ಕೂಗು. ಆಮೇಲೆ ಬಾಟಲಿ ಗೋಡೆಗೆ ಬಡಿದು ಚೂರಾದದ್ದು, "ಏನಾಯ್ತೂಂದ್ರೆ?" ಎಂದು ಸಿದ್ದಮ್ಮ ಓಡಿಬಂದದ್ದು.

ಸಭೆಗೆ ಕೆಂಪಣ್ಣ ಬಾಯಿಗೆ ಒದ್ದೆ ಟವೆಲು ಒತ್ತಿಕೊಂಡು ಬಂದರು. ತುಟಿ ಊದಿತ್ತು. ಸಿದ್ದಮ್ಮ ಹೆಂಗಸರ ಸಾಲಿನಲ್ಲಿ ಗಂಡನ ಮೇಲೆ ಕಣ್ಣು ನೆಟ್ಟು ಕೂತಿದ್ದರು. ಈಗ ಸತ್ಯ ಹೊರಬರುತ್ತದೆ ಎಂದು ನಾಗೇಶ್ವರ ನೆಟ್ಟಗೆ ಕೂತ.

"ಸಮಿತಿ ಪರವಾಗಿ ನಾನೇ ಖುದ್ದು ಪರೀಕ್ಷೆ ಮಾಡ್ದೆ," ಎಂದರು ಕೆಂಪಣ್ಣ, ಹೆಂಡತಿಯ ಕಡೆ ನೋಡುತ್ತ. "ಒಂದೇ ಒಂದ್ ಹನಿ. ಅದು ರಮ್ಮೇಯ. ಅದೂ ಕಳ್ಳ ರಮ್ಮು, ಆಸಿಡ್ ಬೆರ್ಸಿರಾದು. ನೋಡಿ ನನ್ ಗತಿಯ."

"ಅಧ್ಯಕ್ಷರೆ!" ಎಂದು ನಾಗೇಶ್ವರ ಎದ್ದುನಿಂತ. "ಒಂದು ಹನಿಗೆ ಹೀಗಾಗಲ್ಲ. ಎಷ್ಟು ಕುಡಿದ್ರಿ ಹೇಳಿ!"

ಸಭೆ ಛೀ ಎಂದಿತು. ದೇವರ ಕೆಲಸಕ್ಕಾಗಿ ನಾಲಿಗೆ ಸುಟ್ಟುಕೊಂಡ ಮನುಷ್ಯನನ್ನು ಕೇಳುವ ಮಾತೇ ಅದು? ರಾಜು ತನ್ನ ಅಂಗಡಿಯಿಂದಲೇ ಹಾರ ತಂದು ಕೆಂಪಣ್ಣನ ಕೊರಳಿಗೆ ಹಾಕಿದ. ದಿಗಂತ್ ಅದನ್ನೆಲ್ಲ ಫೋನಿನಲ್ಲಿ ನೇರ ತೋರಿಸಿದ. ಅವನೇ ಪ್ರಧಾನ ಅರ್ಚಕನೆಂದು ತೀರ್ಮಾನವಾದದ್ದನ್ನೂ ಅವನೇ ತೋರಿಸಿದ. ಕೆಂಪಣ್ಣ ದೊಡ್ಡ ಮನಸ್ಸು ಮಾಡಿ, ನಾಗೇಶ್ವರನನ್ನು ಗಂಟೆ ಬಾರಿಸಲು ಉಳಿಸಿಕೊಳ್ಳೋಣ, ಆದರೆ ಮುಂದಿನ ಮದ್ಯವರ್ಜನ ಶಿಬಿರಕ್ಕೆ ಸೇರಲೇಬೇಕು ಎಂದರು. ಶಿಬಿರದ ಉದ್ಘಾಟನೆ ಅವರದೇ.

ನಾಗೇಶ್ವರ ಮನೆಗೆ ಬಂದು ಕಾತ್ಯಾಯನಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳುತ್ತ ಕೇಳುತ್ತ ಅತ್ತಳು. ಕೆಂಪಣ್ಣನನ್ನು ಬೈದಳು, ರಾಜುವಿನ ವಂಶವನ್ನು ಬೈದಳು, ತನ್ನ ತಂಗಿಯನ್ನೂ ಬೈದಳು.

"ಲೋಕ ಏನಾದ್ರೂ ಹೇಳ್ಲಿ ರೀ, ನನಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಎಲ್ಲಿ, ಒಂದ್ಸಲ ಊದಿ ನೋಡೋಣ."