ಹೋಗಬೇಕಾದ ಸಂಜೆ ಹೋಗದ ಕರೆಂಟಿಗೆ

ಸಕಲೇಶಪುರ, ೧೯೬೩

ಮಹಾರಾಜಶ್ರೀ ವಿದ್ಯುಚ್ಛಕ್ತಿಯವರ ಸನ್ನಿಧಾನಕ್ಕೆ, ಮೆಣಸಿನ ವ್ಯಾಪಾರಿ ಜಬ್ಬಾರನು ಬಗ್ಗಿ ಸಲಾಮು ಮಾಡಿ ಬರೆದುಕೊಂಡ ಬಹಿರಂಗ ಅರಿಕೆ.

ಮಾನ್ಯರೇ, ತಾವು ಈ ಊರಿಗೆ ದಯಮಾಡಿಸಿದಂದಿನಿಂದ ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಹೊರಟುಹೋಗುವ ತಮ್ಮ ಶಿಸ್ತನ್ನು ಕಂಡು, ನಮ್ಮ ಬೀದಿಯವರು ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟಿದ್ದೇವೆ. ತಾವು ಹೋದರೆಂದರೆ ಅನ್ನಕ್ಕೆ ಎಸರಿಡಬೇಕೆಂದು ಹೆಂಗಸರಿಗೆ ಗೊತ್ತು.

ಇನ್ನು, ಇಲ್ಲಿ ಮಕ್ಕಳು ಓದುವುದು ಪಕ್ಕದ ಮನೆಗೆ ಕೇಳಲೆಂದು. ಜಗಲಿಯ ಮೇಲೆ ಕೂತು ಗಂಟಲು ಹರಿಯುವಂತೆ ಓದದ ಮಗುವಿನ ತಂದೆ ಸಂತೆಯಲ್ಲಿ ತಲೆಯೆತ್ತುವಂತಿಲ್ಲ. ನನ್ನ ಮಗಳು ಜಹೀರಾಳಿಗೂ ಪಕ್ಕದ ಮನೆಯ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಲುವಯ್ಯನವರ ಮಗನಿಗೂ ಹೀಗೆ ವರ್ಷಗಳಿಂದ ಪೈಪೋಟಿ. ಹಾಸನದ ವಾಚನ ಸ್ಪರ್ಧೆಗೆ ಶಾಲೆಯಿಂದ ಒಂದೇ ಮಗು ಹೋಗಬೇಕು, ಸೋಮವಾರ ಸಂಜೆ ಬೀದಿಯಲ್ಲಿ ನಡೆದು ಕಿವಿಯಾರೆ ಕೇಳಿ ಆರಿಸುತ್ತೇನೆ ಎಂದು ಹೆಡ್‌ಮಾಸ್ತರರು ಸಾರಿದರು. ತಾವು ಹೋದೊಡನೆ ಬುಡ್ಡಿದೀಪದಲ್ಲಿ ಅಕ್ಷರ ಕಾಣದೆ ಬೀದಿಯೆಲ್ಲ ಬಾಯಿ ಮುಚ್ಚುತ್ತದೆ, ಆಗ ಜಹೀರಾಳ ದನಿಯೊಂದೇ ಕೇಳಲೆಂದು ನಾನು ಪೆಟ್ರೊಮ್ಯಾಕ್ಸ್ ದೀಪ ಬಾಡಿಗೆಗೆ ತಂದು, ಮುಂಚಿತವಾಗಿಯೇ ಪಂಪು ಹೊಡೆದು ಹೊತ್ತಿಸಿ ಕೂತೆ.

ಅಂದು ತಾವು ಹೋಗಲಿಲ್ಲ. ಈಗ ಹೋಗುತ್ತೀರಿ, ಈಗ ಹೋಗುತ್ತೀರಿ ಎಂಬ ನಂಬಿಕೆಯಲ್ಲಿ ನಾನು ದೀಪ ಆರಿಸಲಿಲ್ಲ. ಉರಿಯುವ ಬಲ್ಬಿನ ಕೆಳಗೆ ಪೆಟ್ರೊಮ್ಯಾಕ್ಸ್ ಭುಸುಗುಟ್ಟುವ ಸದ್ದಿನಲ್ಲಿ ಮಗಳ ದನಿ ಮುಳುಗಿಹೋಯಿತು. ಹೆಡ್‌ಮಾಸ್ತರರು ನಿಂತು, “ಕರೆಂಟು ಐತಲ್ರೀ ಸಾಹೇಬ್ರೇ, ಮನೇಲಿ ಏನಾರ ಮದುವೇನಾ?” ಎಂದು ವಿಚಾರಿಸಿ, ಮುಂದೆ ಹೋಗಿ ಚಲುವಯ್ಯನವರ ಮಗನನ್ನು ಆರಿಸಿದರು. ಜಹೀರಾ ಅತ್ತಳು. ನಾನು ಬಾಡಿಗೆ ತೆತ್ತು ಪೆಟ್ರೊಮ್ಯಾಕ್ಸ್ ಹಿಂದಿರುಗಿಸಿ ಬಂದೆ.

ಆದಕಾರಣ ತಾವು ಖುದ್ದಾಗಿ ಹೆಡ್‌ಮಾಸ್ತರರ ಮುಂದೆ ಹಾಜರಾಗಿ, ಅಂದು ಇದ್ದದ್ದು ತಮ್ಮದೇ ತಪ್ಪೆಂದು ಒಪ್ಪಿಕೊಳ್ಳಬೇಕು. ಮುಂದೆ ಇರುವ ಯೋಚನೆಯಿದ್ದರೆ ಹಿಂದಿನ ದಿನವೇ ಡಂಗುರ ಹೊಡೆಸಬೇಕು. ಹೋಗುವಾಗ ಚಲುವಯ್ಯನವರ ಮನೆಯಿಂದ ಮೊದಲು ಹೊರಡುವ ಕೃಪೆ ಮಾಡಬೇಕು.

ತಾವು ಇದ್ದಾಗಲೂ ಇಲ್ಲದಾಗಲೂ ತಮ್ಮ ವಿಶ್ವಾಸಿ,
ಜಬ್ಬಾರ್

ತಾಜಾಕಲಂ: ಸಹಿ ಹಾಕುವಷ್ಟರಲ್ಲಿ ತಾವು ಹೊರಟುಹೋದಿರಿ. ಜಹೀರಾ ಕತ್ತಲಲ್ಲಿ ಕೂತು ಸೋಮವಾರ ಓದಿದ ಪಾಠವನ್ನು ಪುಸ್ತಕವಿಲ್ಲದೆ, ಒಂದಕ್ಷರವೂ ತಪ್ಪದೆ, ಬೀದಿಗೆಲ್ಲ ಕೇಳುವಂತೆ ಒಪ್ಪಿಸಿದಳು. ಆಚೆಯ ಜಗಲಿಯಿಂದ ಚಲುವಯ್ಯನವರು, “ಇಷ್ಟ್ ಚೆನ್ನಾಗಿ ಬಾಯಿಗ್ ಬರೋ ಮಗೀಗೆ ಆ ದೀಪ ಯಾಕ್ ತಂದ್ರಿ ಸಾಹೇಬ್ರೇ?” ಎಂದು ಕೇಳುತ್ತಿದ್ದಾರೆ. ಅವರಿಗೆ ಉತ್ತರವನ್ನು ದಯವಿಟ್ಟು ತಾವೇ ಕಳಿಸಿಕೊಡಬೇಕು.