ಗೇಟಿನ ಮುಂದೆ ಜೀವ ಬಿಡುವ ಕಾರು

ಅಮರೇಶಪ್ಪನವರ ಕಾರಿಗೆ ಓಡಲು ಬರುತ್ತಿತ್ತು, ನಿಲ್ಲಲು ಬರುತ್ತಿರಲಿಲ್ಲ. ಬ್ರೇಕು ಕೆಟ್ಟಿರಬೇಕು ಎಂದು ತಿಳಿಯಬೇಡಿ. ಬ್ರೇಕು ಒತ್ತಿದರೆ ಪಾಪ, ನಿಲ್ಲುತ್ತಿತ್ತು. ಆದರೆ ನಿಂತ ಮರುಗಳಿಗೆಯೇ ಎಂಜಿನ್ನಿಗೆ ಚಳಿಜ್ವರ ಬಂದಂತೆ ನಡುಕ ಹತ್ತಿ, ಕನ್ನಡಿ, ಬಾನೆಟ್ಟು, ಪಕ್ಕದಲ್ಲಿ ಕೂತ ಹೆಂಡತಿ ಶಿವದೇವಿಯ ಮೂಗುಬೊಟ್ಟು ಎಲ್ಲ ಗಡಗಡ ಅಲುಗಾಡಿ, ಕೊನೆಗೊಂದು ಬಿಕ್ಕಳಿಕೆ ಬಿಟ್ಟು ಬಂದ್ ಆಗುತ್ತಿತ್ತು. ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದವರಿಗೆ ಇಂಥ ಕಾರು ಇರಬಾರದು. ಹೊರಗೆ ಹೊರಟರೆ ರೈಲ್ವೆ ಗೇಟು, ಗೇಟು ಬಿದ್ದಿತೆಂದರೆ ನಿಲ್ಲಲೇಬೇಕು.

ಕಾರೇನು ಸಾಮಾನ್ಯದ್ದಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಬೇಕೆಂದಾಗ ಹಿಂದಕ್ಕೆ ಮಡಚುವ ಟಾಪು. ಯಾವುದೋ ನವಾಬರ ಹಿತ್ತಲಲ್ಲಿ ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದಾಗ, ನೀರಾವರಿ ಇಲಾಖೆಯ ಹೆಡ್‌ಕ್ಲಾರ್ಕ್ ಅಮರೇಶಪ್ಪನವರು ಕಂಡು, ಮರುಳಾಗಿ, ಉದ್ಧಾರ ಮಾಡಿ ತಂದಿದ್ದರು. ಆಫೀಸಿನಲ್ಲಿ ಫೈಲು ನೋಡುತ್ತಿದ್ದರೂ ಅವರ ಜೀವವೆಲ್ಲ ಆ ಕಾರಿನ ಮೇಲೆಯೇ.

ಗೇಟಿನಲ್ಲಿ ಕಾರು ಬಂದ್ ಆದಾಗಲೆಲ್ಲ ಇಳಿದು ನೂಕುವ ಕೆಲಸ ಶಿವದೇವಿಯದು. (ಸ್ಟಿಯರಿಂಗ್ ಹಿಡಿಯಲು ಒಬ್ಬರು ಬೇಕಲ್ಲ? ಆ ಗುರುತರ ಹೊಣೆಯನ್ನು ಅಮರೇಶಪ್ಪನವರು ದೊಡ್ಡ ಮನಸ್ಸು ಮಾಡಿ ವಹಿಸಿಕೊಂಡಿದ್ದರು.) ಸಂಕ್ರಾಂತಿಯ ದಿನ ಹೊಸ ಇಳಕಲ್ ಸೀರೆಯುಟ್ಟು ನೂಕಿ, ಸೆರಗಿನ ತುಂಬ ಗ್ರೀಸು ಮೆತ್ತಿಕೊಂಡು ಮನೆಗೆ ಬಂದ ಆಕೆ ತೀರ್ಪು ಕೊಟ್ಟೇಬಿಟ್ಟಳು.

"ಕೇಳ್ರಿ. ಮುಂದಿನ ಐತವಾರ ನಾಚಾರಂದಾಗ ನನ್ನ ತಂಗಿ ನಲಿನಿಯ ಬಸುರಿ ಮಗಳ ಕುಬುಸ ಐತಿ. ಹೋಗೂಮುಂದ ಈ ಗಾಡಿ ಗೇಟಿನಾಗ ಬಂದಾತೋ, ಮರುದಿನಾನ ನಮ್ಮಣ್ಣಗ ಕೊಟ್ಟುಬಿಡೂದು."

"ಬಸವಲಿಂಗಪ್ಪಗ? ಅವಗ ಕಾರು ನಡಸಾಕೇ ಬರೂದಿಲ್ಲ!"

"ನಡಸಾಕಲ್ಲ. ಸುಲ್ತಾನ್ ಬಜಾರದಾಗ ತನ್ನ ಸೀರಿ ಅಂಗಡಿ ಮುಂದ ನಿಲ್ಲಸ್ತಾನಂತ. ಒಳಗ ಎರಡು ಬೊಂಬಿ ಕೂಡಸಿ, ಒಂದಕ್ಕ ಪೋಚಂಪಲ್ಲಿ, ಒಂದಕ್ಕ ಧರ್ಮಾವರಂ ಸೀರಿ ಉಡಸ್ತಾನಂತ. ನಿಲ್ಲೂದು ಬರಲಾರದ ಗಾಡಿಗಿ ಅಲ್ಲೇ ನಿಲ್ಲೂದು ಕಲಸ್ತಾನ."

ಅಮರೇಶಪ್ಪನವರು ಕಣ್ಣ ಮುಂದೆ ತಂದುಕೊಂಡರು. ತಾವು ಕೂರುವ ಜಾಗದಲ್ಲಿ ಸೀರೆಯುಟ್ಟ ಬೊಂಬೆ!

ಮರುದಿನವೇ ನಾಚಾರಂನ ಮೆಕ್ಯಾನಿಕ್ ಉಸ್ತಾದನ ಬಳಿಗೆ ಓಡಿದರು. ಅವನು ಬಾನೆಟ್ಟು ಎತ್ತಲೂ ಇಲ್ಲ, ಪಾನ್ ಅಗಿಯುತ್ತ ಒಂದು ಕ್ಷಣ ಕಿವಿಗೊಟ್ಟು, "ಹವಾ ಖಾರೈ ಸಾಬ್. ಪೈಪಾಂ ದೇಖೋ" ಎಂದು ಅಲ್ಲಿ ನಿಂತಿದ್ದ ಲಾರಿಯ ಕೆಳಗೆ ತೂರಿಕೊಂಡ.

ಮನೆಗೆ ಬಂದು ಹೆಂಡತಿಗೆ ವಿವರಿಸಿದರು. ಎಂಜಿನ್ನಿಗೆ ಗಾಳಿ ಹೋಗಲು ಒಂದು ನ್ಯಾಯವಾದ ದಾರಿಯುಂಟು. ಅದನ್ನು ಬಿಟ್ಟು ಎಲ್ಲೋ ಒಡೆದ ರಬ್ಬರ್ ಪೈಪಿನಿಂದ ಸುಳ್ಳು ಗಾಳಿ ಒಳಗೆ ನುಸುಳುತ್ತಿದೆ.

"ಗಾಳ್ಯಾಗೂ ಸುಳ್ಳು, ಖರೇ ಅಂತ ಇರತೈತೇನ್ರಿ?"

"ಇರತೈತಿ. ಒಂದೊಂದು ಪೈಪು ಒತ್ತಿ ಹಿಡೀತೀನಿ. ಯಾವುದು ಒತ್ತಿದಾಗ ನಡುಕ ನಿಲ್ಲತೈತೋ ಅದೇ ಕಳ್ಳ. ನೀ ಒಳಗ ಕೂತು, ಬಂದಾಗದಂಗ ಆಕ್ಸಿಲರೇಟರ್ ಸ್ವಲ್ಪ ಒತ್ತು."

ಹೀಗೆ ಶಿವದೇವಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತಳು. ಪೈಪು ಒತ್ತಲು ಕೈ ಸಾಲದೆ ಅಮರೇಶಪ್ಪನವರು ಹಗ್ಗದ ಮೇಲಿನ ಬಟ್ಟೆಯ ಕ್ಲಿಪ್ಪುಗಳನ್ನೆಲ್ಲ ತಂದು ಪೈಪುಗಳಿಗೆ ಕಚ್ಚಿಸಿದರು. ಅತ್ತ ಅವರ ಧೋತರ ಹಾರಿ ಪಕ್ಕದ ರೈಲ್ವೆ ಗಾರ್ಡ್ ಸಾಹೇಬರ ಅಂಗಳ ಸೇರಿತು. ಇತ್ತ "ಈಗ?" ಎಂದರೆ "ಅದೇ ನಡುಕ!" "ಈಗ?" "ಇನ್ನಾ ಜಾಸ್ತಿ!" ಮೂರು ಸಂಜೆ ಇದೇ ಪಾರಾಯಣ. ಎಲ್ಲ ಪೈಪುಗಳನ್ನೂ ಹೊಸದಾಗಿ ತಂದು ಹಾಕಿ, ಅವಕ್ಕೂ ಕ್ಲಿಪ್ಪು ಕಚ್ಚಿಸಿದರು. ಕಾರು ಹೊಸ ಪೈಪುಗಳ ಸಮೇತ ನಡುಗಿತು.

ಶನಿವಾರ ಅಮರೇಶಪ್ಪನವರು ಸ್ಪ್ಯಾನರು ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ನಿಂತಿತ್ತು. "ಆತು ಬಿಡು. ನಿಮ್ಮಣ್ಣಗ ಹೇಳಿಬಿಡು" ಎಂದರು.

ಶಿವದೇವಿಗೆ ಕರುಳು ಚುರುಕ್ಕೆಂದಿತು. ಆದರೂ ಕ್ಲಿಪ್ಪು ಕ್ಲಿಪ್ಪೇ. ಬಂದ್ ಆಗದಂತೆ ಚೋಕ್ ಎಳೆದಿಟ್ಟು ಇಳಿದು, ಎಂಜಿನ್ನು ಇನ್ನೂ ನಡುಗುತ್ತಿರುವಾಗಲೇ ತನ್ನ ಕ್ಲಿಪ್ಪುಗಳನ್ನು ಬಿಡಿಸಿಕೊಳ್ಳಲು ಬಾನೆಟ್ಟಿನೊಳಗೆ ಬಗ್ಗಿದಳು.

"ಅಯ್ಯ, ಇದೇನ್ರಿ? ಇಲ್ಲೊಂದು ತೂತಿನಾಗ ಊದಿನಕಡ್ಡಿ ಚುಚ್ಚೈತಿ!"

ಉರಿದುಳಿದ ಕಡ್ಡಿಯ ತುಂಡು. ಆಕೆ ಅದನ್ನು ಕಿತ್ತು, ತೂತಿನ ಮೇಲೆ ಬೆರಳಿಟ್ಟಳು. ನಡುಕ ನಿಂತುಹೋಯಿತು. ಎಂಜಿನ್ನು ಒಂದೇ ಸಮನೆ ಗುನುಗತೊಡಗಿತು.

"ಏನ್ರೀ! ಬೆರಳು ಒಳಗ ಜಗ್ಗಾಕತ್ತೈತಿ!"

"ತಗೀಬ್ಯಾಡ! ನಿನ್ನ ಕೈ ಮುಗೀತೀನಿ, ಬೆರಳು ತಗೀಬ್ಯಾಡ!" ಅಮರೇಶಪ್ಪನವರು ಕಾರಿನ ಸುತ್ತ ಎರಡು ಸುತ್ತು ಹಾಕಿ, ಮಡ್‌ಗಾರ್ಡಿಗೆ ಕಿವಿ ಹಚ್ಚಿ ಆನಂದಬಾಷ್ಪ ಸುರಿಸಿದರು. ಆಮೇಲೆ ಸಿಟ್ಟು ನೆತ್ತಿಗೇರಿತು. "ಇಲ್ಲಿ ಒಂದು ರಬ್ಬರ್ ಟೋಪಿ ಇತ್ತು. ಅದನ್ನ ಕಿತ್ತು ಊದಿನಕಡ್ಡಿ ಚುಚ್ಚಿದ ಆ ಮಹಾಶಯ ಯಾರು? ಬುದ್ಧಿ ಇದ್ದವರು ಮಾಡೂ ಕೆಲಸೇನು ಇದು?"

ಶಿವದೇವಿ ಬೆರಳು ತೆಗೆಯದೆಯೇ ಶಾಂತವಾಗಿ ಕೇಳಿದಳು, "ಮಾನಾಮಿ ದಿನ ಗಾಡಿ ಪೂಜಿ ಯಾರು ಮಾಡಿದ್ರಿ? 'ಎಂಜಿನ್ನಿಗೆ ಹೆಣ್ಣಮಕ್ಕಳ ಕೈ ತಾಗಬಾರದು, ದೂರ ನಿಂದ್ರು' ಅಂತ ಮಡಿ ಉಟ್ಟು, ಬಾನೆಟ್ಟಿನಾಗ ತಲಿ ಹಾಕಿ ಊದಿನಕಡ್ಡಿ ಹಚ್ಚಿದವರು ಯಾರ್ರಿ?"

ಅಮರೇಶಪ್ಪನವರಿಗೆ ತಟ್ಟನೆ ಧೋತರದ ನೆನಪಾಯಿತು; ತುರ್ತಾಗಿ ಅದನ್ನು ತರಲು ಗಾರ್ಡ್ ಸಾಹೇಬರ ಮನೆಗೆ ಹೋದರು. ಬರುವಾಗ ತಮ್ಮ ಮೇಜಿನ ಮೇಲಿದ್ದ ಇಂಕ್ ಫಿಲ್ಲರಿನ ರಬ್ಬರ್ ಬುರುಡೆ ಕಿತ್ತು ತಂದು ಆ ತೂತಿನ ಮೂತಿಗೆ ತೊಡಿಸಿದರು. ಹೇಳಿ ಮಾಡಿಸಿದಂತೆ ಕೂತಿತು.

ಭಾನುವಾರ ಗೇಟು ಬಿದ್ದೇ ಇತ್ತು. ಹಿಂದಿನ ಆಟೋದಲ್ಲಿ ಬಸವಲಿಂಗಪ್ಪ ಸಾಕ್ಷಿಗೆಂದೇ ಬಂದಿದ್ದ. ಶಿವದೇವಿಗೆ ನೂಕಲು ಕೈಗೂಡಿಸುವ ಚಹದಂಗಡಿಯ ಇಬ್ಬರು ರೂಢಿಯಂತೆ ಅಂಗಿಯ ತೋಳು ಮಡಚಿಕೊಂಡು ಕಾರಿನ ಹಿಂದೆ ಬಂದು ನಿಂತರು. ಕಲ್ಲಿದ್ದಲಿನ ಗೂಡ್ಸು ಹೋಗುತ್ತಿದೆ, ಹೋಗುತ್ತಿದೆ, ಮುಗಿಯುವ ಲಕ್ಷಣವೇ ಇಲ್ಲ. ಅಮರೇಶಪ್ಪನವರು ಕಣ್ಣು ಮುಚ್ಚಿ ಮನದೇವರನ್ನು ನೆನೆದರು. ನಡುಕವಿಲ್ಲ, ಗಡಗಡವಿಲ್ಲ.

"ಬಂದಾತೇನ?" ಎಂದು ಪಿಸುಗುಟ್ಟಿದರು.

"ಕಣ್ಣು ತಗೀರಿ. ಚಾಲೂನ ಐತಿ."

"ಆಜ್ ಧಕ್ಕಾ ನಕ್ಕೋ ಕ್ಯಾ ಸಾಬ್?" ಎಂದು ಚಹದಂಗಡಿಯವನು, ಇವತ್ತು ನೂಕುವ ಕೆಲಸವಿಲ್ಲವಲ್ಲ ಎಂಬ ಬೇಜಾರಿನಿಂದ ತೋಳು ಇಳಿಸಿದ. ಗೇಟು ತೆರೆಯಿತು, ಕಾರು ಚಿಮ್ಮಿತು. ಅಮರೇಶಪ್ಪನವರಿಗೆ ಎದೆಯ ಮೇಲಿನ ಬಂಡೆ ಇಳಿದಷ್ಟು ಹಗುರವಾಯಿತು. ಕುಬುಸದ ಮನೆಯಲ್ಲಿ ಆರು ಹೋಳಿಗೆ ಹೊಡೆದರು. ಬಸವಲಿಂಗಪ್ಪ ಕೈ ಕುಲುಕಿ, "ಗೆದ್ದ್ರಿ ಬಿಡ್ರಿ, ಗಾಡಿ ನಿಮ್ಮದಽ" ಎಂದೂ ಒಪ್ಪಿಕೊಂಡ.

ಮಧ್ಯಾಹ್ನ ಹೊರಡಲು ಹೊರಗೆ ಬಂದರೆ, ಡ್ರೈವರ್ ಸೀಟಿನಲ್ಲಿ ಶಿವದೇವಿ ಸೆರಗು ಸಿಕ್ಕಿಸಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಬಸವಲಿಂಗಪ್ಪ, ಮದುಮಗನಂತೆ ಗಂಭೀರವಾಗಿ.

"ಇದೇನಿದು? ಪೈಪು ನೋಡೂದು ಮುಗೀತಲ್ಲ, ಇಳಿ."

"ನಾ ನಡಸ್ತೀನ್ರಿ. ಅಣ್ಣಗ ಅಂಗಡಿತನಾ ಬಿಟ್ಟು ಬರ್ತೀನಿ."

"ನಿನಗೆಲ್ಲಿ ಬರತೈತಿ?"

"ಮಾನ್ವಿಯಾಗ ನಮ್ಮಪ್ಪನ ಜೀಪು ನಾನೇ ನಡಸ್ತಿದ್ದೆ. ಲೈಸೆನ್ಸ್ ಐತಿ, ತಪ್ಪದಽ ರಿನ್ಯೂ ಮಾಡಿಸ್ಕೋತ ಬಂದೀನಿ" ಎಂದು ಪರ್ಸಿನಿಂದ ತೆಗೆದು ತೋರಿಸಿದಳು.

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲ?"

"ದಿನಾ ಸಾಯೂ ಗಾಡಿ ನಡಸಿ ಏನು ಮಾಡ್ಲಿ? ಛಲೋ ಆಗಲಿ ಅಂತ ಕಾಯ್ತಿದ್ದೆ. ಈಗ ಛಲೋ ಮಾಡಿ ಕೊಟ್ಟ್ರಿ."

"ಮತ್ತ ನಾ ಹ್ಯಾಂಗ ಬರ್ಲಿ?"

ನಲಿನಿ ಬಂದು ಹೋಳಿಗೆಯ ಡಬ್ಬಿಯನ್ನು ಅವರ ಕೈಗಿತ್ತಳು. "ಸೀಟು ಎರಡಽ ಅವಲ್ರಿ ಭಾವಾರ. ಬಸ್ ಸ್ಟಾಪು ಅಲ್ಲೇ ಮುಂದ ಐತಿ."

ಕಾರು ಹೊರಟಿತು. ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದಾಗ ನಿಂತಿತು. ಅಮರೇಶಪ್ಪನವರು ಡಬ್ಬಿ ಹಿಡಿದು ಕಿವಿಗೊಟ್ಟರು. ಒಂದಿಷ್ಟೂ ನಡುಕವಿಲ್ಲ, ಅಷ್ಟು ಚೆನ್ನಾಗಿ ಗುನುಗುತ್ತಿತ್ತು. 'ಒಂದು ಸಲ ಬಂದಾಗು ತಾಯಿ, ಒಂದೇ ಒಂದು ಸಲ' ಎಂದು ಬೇಡಿಕೊಂಡರು. ಎಮ್ಮೆಗಳು ದಾಟಿದವು; ಕಾರು ಹೋಗಿಯೇಬಿಟ್ಟಿತು.