ಒಪ್ಪಿಕೊಂಡವಳು ನಾನಲ್ಲ

ನಮ್ಮ ಸಣ್ಣವ್ವನನ್ನು, ಅಂದರೆ ಅವ್ವನ ಕೊನೆಯ ತಂಗಿಯನ್ನು, ಒಂದೇ ಸಲ ಭೇಟಿಯಾದವರು ಪುಣ್ಯವಂತರು. ಎರಡನೆಯ ಸಲ ಹೋದವರಿಗೆ 'ಅವತ್ತು ನೀವು ನೋಡಿದವಳು ನಾನಲ್ಲ' ಎಂದು ಸಾಧಿಸದೆ ಆಕೆ ಚಹಾ ಕೊಟ್ಟದ್ದೇ ಇಲ್ಲ!

ಮನೆ ಶಹಾಪುರದಲ್ಲಿ, ನೌಕರಿ ಗೋಗಿಯ ಶಾಲೆಯಲ್ಲಿ. ನಿವೃತ್ತಿಯಾಗುವ ತನಕ ಮಕ್ಕಳಿಗೆ ಗಣಿತ ಕಲಿಸಿದ ಈ ಹೆಂಗಸಿಗೆ ನಿನ್ನೆಯ ಮನುಷ್ಯ ಮತ್ತು ಇವತ್ತಿನ ಮನುಷ್ಯ ಕೂಡಿದರೆ ಇಬ್ಬರು. ಕೂದಲು ಬೇರೆ, ಹಲ್ಲು ಬೇರೆ, ಬುದ್ಧಿಯೂ ಬೇರೆ. ಹೆಸರೊಂದು ಅದೇ ಇದ್ದರೆ ಸಾಕೇ?

ವಡಗೇರಾದಲ್ಲಿ ನನ್ನ ನಾದಿನಿಯ ಮದುವೆಯಿತ್ತು. ಹಿಂದಿನ ದಿನವೇ ಬಂದು ಹೋಳಿಗೆಯ ಉಸ್ತುವಾರಿ ನೋಡಿಕೊಳ್ಳುತ್ತೇನೆಂದು ಸಣ್ಣವ್ವ ಮಾತು ಕೊಟ್ಟಿದ್ದಳು. ಬರಲಿಲ್ಲ. ಫೋನು ಮಾಡಿದೆ.

"ಒಪ್ಪಿಕೊಂಡಾಕಿ ಹ್ವಾದ ವಾರದಾಕಿ. ಆಕಿನ್ನ ಕೇಳು," ಅಂದಳು.

ಆಕೆ ಎಲ್ಲಿ ಸಿಗುತ್ತಾಳೆ ಎಂದು ಕೇಳಿದೆ. ಸಿಕ್ಕರೆ ತನಗೂ ತಿಳಿಸಬೇಕಂತೆ. ಆಕೆಗೆ ಮೊಣಕಾಲು ನೋವಿರಲಿಲ್ಲವಂತೆ.

ಇನ್ನು ಆರಿಸುವ ಪ್ರಶ್ನೆ ಬಂದರಂತೂ ಮುಗಿಯಿತು. ಒಮ್ಮೆ ಸುರಪುರಕ್ಕೆ ಆಕೆಯ ಜೊತೆ ಹೊರಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು. ಎರಡೂ ಖಾಲಿ, ಎರಡೂ ಈಗಲೇ ಹೊರಡುವಂಥವು. ಕಾರಣವಿಲ್ಲದೆ ಒಂದನ್ನು ಹತ್ತುವುದು ಬುದ್ಧಿ ಇರುವವರ ಕೆಲಸವಲ್ಲ ಎಂದು ಸಣ್ಣವ್ವ ಕಾರಣ ಹುಡುಕುತ್ತ ನಿಂತಳು. ಇಬ್ಬರು ಕಂಡಕ್ಟರೂ ಕರೆದರು. ಕರೆಯುವುದರಲ್ಲೂ ಇಬ್ಬರೂ ಸಮ! ಒಂದರ ಹಿಂದೆ ಒಂದರಂತೆ ಎರಡೂ ಬಸ್ಸು ಹೋದವು. ಕೊನೆಗೆ ಹನ್ನೊಂದು ಜನರಿದ್ದ ಆಟೋದಲ್ಲಿ ಆಕೆ ಅರ್ಧ ಸೀಟಿನ ಮೇಲೆ, ಅರ್ಧ ನನ್ನ ತೊಡೆಯ ಮೇಲೆ. ಇದನ್ನು ಆರಿಸಲು ಏನು ಕಾರಣ ಎಂದೆ.

"ಇದು ಒಂದ ಇತ್ತು."

ಬ್ಯಾಂಕಿನಲ್ಲಿ ಬೆರಳಚ್ಚು ಹೊಂದದಿದ್ದ ದಿನ ಆಕೆಯ ಹಿಗ್ಗು ಹೇಳತೀರದು. ಸುಣ್ಣದಕಡ್ಡಿ ಹಿಡಿದು ಹಿಡಿದು ಬೆರಳು ಸವೆದಿದ್ದವು. ಮೂರು ಸಲ ಒತ್ತಿಸಿದ ಹುಡುಗಿ, ಮಷೀನು ನಿಮ್ಮನ್ನು ಒಪ್ಪುತ್ತಿಲ್ಲ ಎಂದಳಂತೆ. ಇಷ್ಟು ವರ್ಷ ತಾನು ಹೇಳಿದ್ದನ್ನು ಮನುಷ್ಯರಿಗಿಂತ ಮೊದಲು ಮಷೀನು ತಿಳಿದುಕೊಂಡಿತು ಎಂದು ಸಣ್ಣವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು.

ಹೋದ ತಿಂಗಳು ಯಾದಗಿರಿಯಿಂದ ಸಣ್ಣವ್ವನನ್ನು ನೋಡಲು ಹೋಗಿದ್ದೆ. ಆಕೆಯ ಗಂಡ, ನಮ್ಮ ಕಾಕಾ, ಎರಡು ವರ್ಷಗಳಿಂದ ಒಂದೊಂದಾಗಿ ಎಲ್ಲ ಮರೆಯುತ್ತಿದ್ದಾರೆ. ಶಾಲೆ ಬಿಡುವ ಹೊತ್ತಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹೆಂಡತಿಯ ದಾರಿ ಕಾಯುತ್ತಾರೆ. ಗೋಗಿಯಿಂದ ಬರಬೇಕಾದ, ಇನ್ನೂ ಇಪ್ಪತ್ತೈದು ತುಂಬದ ಹೆಂಡತಿ.

ಅವತ್ತೂ ಕೂತಿದ್ದರು. ಜೀವನವಿಡೀ ಮಾಡಿದ ವಾದ ಗೆಲ್ಲಲು ಸಣ್ಣವ್ವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆಕೆ ಹೋಗಿ ಅವರ ಕೈ ಹಿಡಿದುಕೊಂಡಳು.

"ನಾನ ಆಕಿರಿ. ಅವತ್ತಿನಾಕಿನ ಅದೇನಿ. ಸ್ವಲ್ಪ ನೋಡ್ರಿ."

ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ಮರ್ಯಾದೆಯಿಂದ ಕೈ ಬಿಡಿಸಿಕೊಂಡರು.

"ನೀವು ಹಿರೇರು, ಹಂಗ ಅನಬಾರದ್ರಿ. ಆಕಿ ಇನ್ನೇನು ಬರ್ತಾಳ."

ಸಣ್ಣವ್ವ ವಾದ ಮಾಡಲಿಲ್ಲ. ಸೆರಗು ಸರಿಪಡಿಸಿಕೊಂಡಳು.

"ಆಕಿ ಬರೋತನಕಾ ನಾ ಇಲ್ಲೇ ಕುಂದರ್ಲೇನ್ರಿ?"

ಕಾಕಾ ಸರಿದು ಜಾಗ ಕೊಟ್ಟರು. ಇಬ್ಬರೂ ಗೋಗಿಯ ದಾರಿಯನ್ನೇ ನೋಡುತ್ತ ಕೂತರು.